ಗರ್ಭಕ್ಕೆ ಎಷ್ಟು ವಾರ? ಒಮ್ಮೆ ಸರಿಯಾಗಿ ಹಾಕಿದ ಲೆಕ್ಕ ಯಾಕೆ ಕದಲಬಾರದು

ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯೊಬ್ಬರ ಫೈಲಿನಲ್ಲಿ ಮೂರು ಸ್ಕ್ಯಾನ್ ರಿಪೋರ್ಟುಗಳಿದ್ದರೆ ಸಾಮಾನ್ಯವಾಗಿ ಮೂರರಲ್ಲೂ ಬೇರೆ ಬೇರೆ ಡ್ಯೂ ಡೇಟ್ ಅಚ್ಚಾಗಿರುತ್ತದೆ. ಮನೆಯವರು ಕೊನೆಯದನ್ನು ನಂಬುತ್ತಾರೆ. ಹೊಸ ರಿಪೋರ್ಟು, ಮಗುವೂ ದೊಡ್ಡದಾಗಿ ಕಾಣಿಸಿದೆ, ಅಂದಮೇಲೆ ಅದೇ ಸರಿಯಿರಬೇಕು ಎಂಬ ಲೆಕ್ಕ. ನಿಜ ಅದಕ್ಕೆ ಉಲ್ಟಾ. ಆ ಮೂರರಲ್ಲಿ ಹೆಚ್ಚು ನಂಬಬೇಕಾದ್ದು ಮೊದಲನೆಯದು, ನಂಬಲೇಬಾರದ್ದು ಕೊನೆಯದು. ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ: ಗರ್ಭದ ವಯಸ್ಸನ್ನು ಆದಷ್ಟು ಬೇಗ, ಒಮ್ಮೆ, ಗಟ್ಟಿಯಾಗಿ ನಿಗದಿ ಮಾಡಬೇಕು. ಆಮೇಲೆ ಅದನ್ನು ಮುಟ್ಟಬಾರದು. ಯಾಕೆ ಅನ್ನುವುದಕ್ಕೆ ಮೊದಲು ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂದು ನೋಡೋಣ.

ಎಣಿಕೆ ಶುರುವಾಗುವುದು ಎಲ್ಲಿಂದ

ಗರ್ಭದ ವಯಸ್ಸನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟಿದ ದಿನದಿಂದ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಅಂಡಾಣು ಬಿಡುಗಡೆಯಾಗುವುದು ಸುಮಾರು ಎರಡು ವಾರ ಕಳೆದ ಮೇಲೆ. ಹಾಗಾಗಿ ಮೊದಲ ಎರಡು ವಾರದ ‘ಗರ್ಭ’ದಲ್ಲಿ ಗರ್ಭವೇ ಇರುವುದಿಲ್ಲ. ಕೇಳಲು ವಿಚಿತ್ರ ಎನಿಸಿದರೂ ಕಾರಣ ಸರಳ: ಅಂಡಾಣು ಯಾವತ್ತು ಬಿಡುಗಡೆಯಾಯಿತು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ, ಮುಟ್ಟು ಬಂದ ದಿನ ಮಾತ್ರ ಖಚಿತವಾಗಿ ಗೊತ್ತಿರುತ್ತದೆ. ಈ ಎಣಿಕೆಯಲ್ಲಿ ಹೆರಿಗೆಯ ಅಂದಾಜು ದಿನ 280ನೇ ದಿನ, ಅಂದರೆ 40 ವಾರ. ಫಲಿತವಾದ ದಿನದಿಂದ ಎಣಿಸಿದರೆ 266 ದಿನ. ಮುಟ್ಟು ತಪ್ಪಿತು ಎಂದು ಪರೀಕ್ಷೆ ಮಾಡಿಸಿದ ಹೊತ್ತಿಗಾಗಲೇ ಲೆಕ್ಕದಲ್ಲಿ 4 ವಾರ ಆಗಿರುತ್ತದೆ. ‘ಮುಟ್ಟು ನಿಂತು ಎರಡು ತಿಂಗಳಾಯಿತು’ ಎಂದು ಯಾರಾದರೂ ಹೇಳಿದರೆ ಯಾವ ದಿನದಿಂದ ಎಣಿಸಿದರು ಎಂದು ಕೇಳಲೇಬೇಕು. ತಪ್ಪಿದ ದಿನದಿಂದ ಎಣಿಸಿದ್ದರೆ ಒಂದು ತಿಂಗಳು ಅಲ್ಲೇ ಕಳೆದುಹೋಗಿರುತ್ತದೆ.

ವಾರಗಳನ್ನು ಹೇಳುವಾಗ ತುಂಬಿದ ವಾರವನ್ನೇ ಹೇಳಬೇಕು. 9 ವಾರ 6 ದಿನ ಎಂದರೆ ಇನ್ನೂ 9 ವಾರ; ಅದು 10 ಆಗುವುದು ಮರುದಿನ. ವಾರದ ಪಕ್ಕದಲ್ಲಿ ದಿನವನ್ನೂ ಬರೆಯುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ತಿಂಗಳಲ್ಲಿ ಮಾತಾಡುವಾಗಲೇ ದೊಡ್ಡ ಎಡವಟ್ಟು ಆಗುವುದು. ‘ಏಳರಲ್ಲಿದೆ’ ಎಂದರೆ ಆರು ತುಂಬಿ ಏಳು ನಡೆಯುತ್ತಿದೆ. ‘ಏಳು ತುಂಬಿತು’ ಎಂದರೆ ಎಂಟು ನಡೆಯುತ್ತಿದೆ. ಎರಡರ ನಡುವೆ ನಾಲ್ಕು ವಾರದ ಅಂತರ ಬರಬಹುದು. ಇದರ ಜೊತೆಗೆ ತಿಂಗಳಿಗೆ ನಾಲ್ಕೇ ವಾರ ಎಂದು ಗುಣಿಸುವವರೂ ಇದ್ದಾರೆ. ಕ್ಯಾಲೆಂಡರಿನ ಐದು ತಿಂಗಳು ಸುಮಾರು 22 ವಾರ, 20 ಅಲ್ಲ. ಚಿಕಿತ್ಸೆಯ ನಿರ್ಧಾರಗಳೆಲ್ಲ ವಾರದ ಮೇಲೆ ನಿಂತಿರುವುದರಿಂದ ಆಸ್ಪತ್ರೆಯಲ್ಲಿ ತಿಂಗಳ ಭಾಷೆ ಬಿಟ್ಟುಬಿಡುವುದೇ ಒಳ್ಳೆಯದು.

ಕೊನೆಯ ಮುಟ್ಟನ್ನು ಕೇಳುವ ರೀತಿ

‘ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?’ ಎಂದು ಕೇಳಿ, ಬಂದ ತಾರೀಖನ್ನು ಬರೆದುಕೊಂಡರೆ ಕೆಲಸ ಮುಗಿಯುವುದಿಲ್ಲ. ನೆನಪಿಲ್ಲದವರ ಬಾಯಿಂದ ಬರುವ ತಾರೀಖು ಹೆಚ್ಚಾಗಿ 1, 10, 15, 20 ಇಂಥ ದುಂಡು ಅಂಕಿಗಳು. ಅಂಥದ್ದು ಬಂದಾಗ ಕ್ಯಾಲೆಂಡರ್ ಕೈಗೆ ಕೊಟ್ಟು, ವಾರ ಯಾವುದು, ಆ ಹೊತ್ತಿಗೆ ಮನೆಯಲ್ಲಿ ಏನು ನಡೆದಿತ್ತು ಎಂದು ವಿಚಾರಿಸಬೇಕು. ಮುಟ್ಟು ಮುಗಿದ ದಿನ ಹೇಳುತ್ತಿದ್ದಾರೋ ಶುರುವಾದ ದಿನವೋ ಎಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯೇ ನಾಲ್ಕೈದು ದಿನ ಆಚೀಚೆ ಆಗುತ್ತದೆ.

ಆಮೇಲೆ ಕೇಳಬೇಕಾದ್ದು: ಆ ಮುಟ್ಟು ಎಂದಿನಂತೆಯೇ ಇತ್ತೇ? ಎಂದಿಗಿಂತ ಕಡಿಮೆ, ಒಂದೆರಡು ದಿನ ಕಲೆಯಷ್ಟೇ ಕಾಣಿಸಿ ನಿಂತಿತು ಎಂದರೆ ಅನುಮಾನಿಸಬೇಕು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೆ ಕೆಲವರಿಗೆ ಸ್ವಲ್ಪ ರಕ್ತಸ್ರಾವ ಆಗುತ್ತದೆ. ಅದನ್ನು ಮುಟ್ಟೆಂದು ಎಣಿಸಿದರೆ ಗರ್ಭ ಸುಮಾರು ನಾಲ್ಕು ವಾರ ಚಿಕ್ಕದಾಗಿ ಕಾಣುತ್ತದೆ. ಹಿಂದಿನ ಮೂರು ತಿಂಗಳು ಮುಟ್ಟು ನಿಯಮಿತವಾಗಿತ್ತೇ, ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು? ಗರ್ಭನಿರೋಧಕ ಮಾತ್ರೆ ಅಥವಾ ಇಂಜೆಕ್ಷನ್ ಈಚೆಗೆ ನಿಲ್ಲಿಸಿದ್ದೇ? ಮಾತ್ರೆ ಬಿಟ್ಟಾಗ ಬರುವ ರಕ್ತಸ್ರಾವ ನಿಜವಾದ ಮುಟ್ಟಲ್ಲ, ಅದಾದ ಮೇಲೆ ಅಂಡಾಣು ಬಿಡುಗಡೆ ತಡವಾಗಬಹುದು. ಎದೆಹಾಲು ಕುಡಿಸುತ್ತಿರುವಾಗ ಮುಟ್ಟು ಮರಳುವ ಮುನ್ನವೇ ಗರ್ಭ ನಿಂತಿದ್ದರೆ ಎಣಿಸಲು ತಾರೀಖೇ ಇರುವುದಿಲ್ಲ. ಇವುಗಳಲ್ಲಿ ಒಂದಕ್ಕೆ ಸಮಾಧಾನದ ಉತ್ತರ ಬಾರದಿದ್ದರೂ ಮುಟ್ಟಿನ ಲೆಕ್ಕವನ್ನು ‘ಅನಿಶ್ಚಿತ’ ಎಂದು ಬರೆದಿಡಬೇಕು. ಗೊತ್ತಿಲ್ಲದ ತಾರೀಖನ್ನು ಗೊತ್ತಿರುವಂತೆ ಬರೆಯುವುದು ಖಾಲಿ ಬಿಡುವುದಕ್ಕಿಂತ ಅಪಾಯ.

ಕೈಲೆಕ್ಕ

19ನೇ ಶತಮಾನದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಸೂತಿ ತಜ್ಞ ಫ್ರಾಂಜ್ ಕಾರ್ಲ್ ನೇಗೆಲೆಯವರ ಹೆಸರಲ್ಲಿ ಪ್ರಚಾರಕ್ಕೆ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ 7 ದಿನ ಕೂಡಿಸಿ, 3 ತಿಂಗಳು ಕಳೆಯಿರಿ, ವರ್ಷ ಸರಿಪಡಿಸಿ. ಕೊನೆಯ ಮುಟ್ಟು 2025ರ ಮಾರ್ಚ್ 10 ಎಂದುಕೊಳ್ಳಿ. ಸೂತ್ರದಂತೆ ಡಿಸೆಂಬರ್ 17. ಆದರೆ ಒಂದೊಂದೇ ದಿನ ಎಣಿಸುತ್ತಾ ಹೋದರೆ 280ನೇ ದಿನ ಬೀಳುವುದು ಡಿಸೆಂಬರ್ 15ಕ್ಕೆ. ತಿಂಗಳುಗಳ ಉದ್ದ ಒಂದೇ ಸಮ ಇಲ್ಲದ್ದರಿಂದ ಈ ಸೂತ್ರ ವರ್ಷದ ಯಾವ ಭಾಗದಲ್ಲಿ ಶುರು ಮಾಡಿದಿರಿ ಎನ್ನುವುದರ ಮೇಲೆ 280ರಿಂದ 283 ದಿನದವರೆಗೆ ಕೊಡುತ್ತದೆ. ಜನವರಿ 1ಕ್ಕೆ ಹಾಕಿ ನೋಡಿ, ಅಧಿಕ ವರ್ಷವಲ್ಲದಿದ್ದರೆ ಅಕ್ಟೋಬರ್ 8, ಸರಿಯಾಗಿ 280. ಹೆರಿಗೆಯ ದಿನ ತೋರಿಸುವ ರಟ್ಟಿನ ಚಕ್ರ ತಿರುಗಿಸಿ ನೋಡುವವರಿಗೂ ಇದೇ ಎಚ್ಚರಿಕೆ, ಒಂದು ಚಕ್ರಕ್ಕೂ ಇನ್ನೊಂದಕ್ಕೂ ದಿನಗಳ ವ್ಯತ್ಯಾಸ ಬರುತ್ತದೆ. ಎರಡು ಮೂರು ದಿನ ಮನೆಯವರಿಗೆ ಲೆಕ್ಕಕ್ಕಿಲ್ಲ ನಿಜ. 41 ವಾರ ದಾಟಿತೋ ಇಲ್ಲವೋ ಎಂದು ನಿರ್ಧರಿಸುವ ದಿನ ಅದು ಲೆಕ್ಕಕ್ಕೆ ಬರುತ್ತದೆ. ದಿನ ಎಣಿಸುವ ಕ್ಯಾಲ್ಕುಲೇಟರ್ ಬಳಸಿ.

ಈ ಲೆಕ್ಕವೆಲ್ಲ 28 ದಿನದ ಋತುಚಕ್ರಕ್ಕೆ. ಅಂಡಾಣು ಬಿಡುಗಡೆಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚುಕಡಿಮೆ 14 ದಿನ. ಹಿಗ್ಗುವುದು ಕುಗ್ಗುವುದು ಅದಕ್ಕೆ ಮುಂಚಿನ ಭಾಗ. ಹಾಗಾಗಿ 35 ದಿನಕ್ಕೊಮ್ಮೆ ನಿಯಮಿತವಾಗಿ ಮುಟ್ಟಾಗುವವರಲ್ಲಿ ಅಂಡಾಣು ಬರುವುದು 21ನೇ ದಿನದ ಆಸುಪಾಸು, ಹೆರಿಗೆಯ ದಿನವನ್ನು 7 ದಿನ ಮುಂದೆ ಹಾಕಬೇಕು. 25 ದಿನದ ಚಕ್ರವಾದರೆ 3 ದಿನ ಹಿಂದೆ. ಒಂದು ತಿಂಗಳು 26, ಇನ್ನೊಂದು ತಿಂಗಳು 40 ಎನ್ನುವವರಿಗೆ ಸರಾಸರಿ ತೆಗೆದು ಕೂಡಿಸಿ ಕಳೆದು ಮಾಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಬೇಕಾದ್ದು ಸ್ಕ್ಯಾನ್.

ಮೊದಲ ಸ್ಕ್ಯಾನ್

ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಸುಮಾರು 5 ವಾರಕ್ಕೆ ಗರ್ಭಚೀಲ ಕಾಣುತ್ತದೆ, ಐದೂವರೆಗೆ ಅದರೊಳಗೆ ಯೋಕ್ ಸ್ಯಾಕ್ (ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಚೀಲ), 6 ವಾರದ ಹೊತ್ತಿಗೆ ಭ್ರೂಣ ಮತ್ತು ಅದರ ಹೃದಯದ ಮಿಡಿತ. ಚೀಲದ ಅಳತೆಯಿಂದ ವಯಸ್ಸು ಹೇಳುವುದು ಭ್ರೂಣ ಕಾಣದಿದ್ದಾಗಿನ ತಾತ್ಕಾಲಿಕ ಏರ್ಪಾಡು. ಅಷ್ಟನ್ನೇ ನಂಬಿ ತಾರೀಖು ಗಟ್ಟಿ ಮಾಡಬಾರದು. ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. ಭ್ರೂಣ ಕಂಡ ಮೇಲೆ ಅಳೆಯುವುದು ತಲೆಯ ತುದಿಯಿಂದ ಪೃಷ್ಠದವರೆಗಿನ ಉದ್ದ, ರಿಪೋರ್ಟಿನಲ್ಲಿ ಸಿ.ಆರ್.ಎಲ್. ಎಂದು ಬರೆದಿರುತ್ತದೆ. ಗರ್ಭದ ವಯಸ್ಸು ಹೇಳಲು ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಈ ಹಂತದಲ್ಲಿ ಭ್ರೂಣ ದಿನಕ್ಕೆ ಸುಮಾರು ಒಂದು ಮಿ.ಮೀ. ಬೆಳೆಯುತ್ತದೆ, ಮತ್ತು ಆರೋಗ್ಯವಂತ ಭ್ರೂಣಗಳೆಲ್ಲ ಬಹುಮಟ್ಟಿಗೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಪ್ಪ ಅಮ್ಮನ ಎತ್ತರ, ಊಟ, ಕಾಯಿಲೆಗಳ ಪ್ರಭಾವ ಇನ್ನೂ ಹೆಚ್ಚಾಗಿ ಬಿದ್ದಿರುವುದಿಲ್ಲ. 14 ವಾರದೊಳಗೆ ಮಾಡಿದ ಸಿ.ಆರ್.ಎಲ್. 5ರಿಂದ 7 ದಿನಗಳ ಆಚೀಚೆಯೊಳಗೆ ವಯಸ್ಸು ಹೇಳುತ್ತದೆ. ಉದ್ದ 84 ಮಿ.ಮೀ. ದಾಟಿದ ಮೇಲೆ ಈ ಅಳತೆ ಬಿಟ್ಟು ತಲೆಯ ಸುತ್ತಳತೆಗೆ ಹೋಗಬೇಕು.

ಅಳೆಯುವಾಗಲೂ ತಪ್ಪಾಗುತ್ತದೆ. ಭ್ರೂಣದ ಉದ್ದಕ್ಕೂ ಸರಿಯಾಗಿ ನಡುವಿನ ಸೀಳುನೋಟ ಪರದೆಯ ಮೇಲೆ ಇರಬೇಕು, ಚಿತ್ರ ಪರದೆಯನ್ನು ತುಂಬುವಷ್ಟು ದೊಡ್ಡದಿರಬೇಕು. 11 ವಾರ ಕಳೆದ ಭ್ರೂಣ ಮುದುಡಿಕೊಂಡು ಗಲ್ಲ ಎದೆಗೆ ತಾಗಿಸಿಕೊಂಡಿದ್ದರೆ ಉದ್ದ ಕಡಿಮೆ ಬಂದು ವಯಸ್ಸು ಕಡಿಮೆಯಾಗುತ್ತದೆ. ತಲೆ ಹಿಂದಕ್ಕೆ ಚಾಚಿದ್ದರೆ ಹೆಚ್ಚಾಗುತ್ತದೆ. ಗಲ್ಲಕ್ಕೂ ಎದೆಗೂ ನಡುವೆ ಸ್ವಲ್ಪ ದ್ರವ ಕಾಣುವಂಥ ಸಹಜ ಭಂಗಿ ಬರುವವರೆಗೆ ಕಾಯಬೇಕು. 7–8 ವಾರದ ಪುಟ್ಟ ಭ್ರೂಣದಲ್ಲಿ ಪಕ್ಕದ ಯೋಕ್ ಸ್ಯಾಕನ್ನೂ ಸೇರಿಸಿ ಅಳೆದುಬಿಟ್ಟರೆ ಕೆಲವು ದಿನ ಜಾಸ್ತಿ ಬರುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯುವುದು ಸರಿಯಾದ ಕ್ರಮ. ರಿಪೋರ್ಟಿನಲ್ಲಿ ವಾರ ಮಾತ್ರ ಬರೆದು ಮಿ.ಮೀ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ.

ಮುಟ್ಟಿನ ಲೆಕ್ಕವೋ ಸ್ಕ್ಯಾನಿನ ಲೆಕ್ಕವೋ

ಎರಡೂ ಹೊಂದಿದರೆ ತಕರಾರಿಲ್ಲ. ಹೊಂದದಿದ್ದಾಗ ಏನು ಮಾಡಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ ಎ.ಸಿ.ಓ.ಜಿ. 2017ರ ಮಾರ್ಗಸೂಚಿಯಲ್ಲಿ ಮಿತಿಗಳನ್ನು ಹಾಕಿದೆ. ಮುಟ್ಟಿನ ಲೆಕ್ಕದಲ್ಲಿ 8 ವಾರ 6 ದಿನದವರೆಗೆ 5 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಸ್ಕ್ಯಾನಿನ ತಾರೀಖಿಗೆ ಬದಲಿಸಬೇಕು. 9 ವಾರದಿಂದ 15 ವಾರ 6 ದಿನದವರೆಗೆ 7 ದಿನಕ್ಕಿಂತ ಹೆಚ್ಚು, 16ರಿಂದ 21 ವಾರ 6 ದಿನದವರೆಗೆ 10 ದಿನಕ್ಕಿಂತ ಹೆಚ್ಚು, 22ರಿಂದ 27 ವಾರ 6 ದಿನದವರೆಗೆ 14 ದಿನಕ್ಕಿಂತ ಹೆಚ್ಚು, 28 ವಾರದ ನಂತರ 21 ದಿನಕ್ಕಿಂತ ಹೆಚ್ಚು. ವಾರಗಳು ಕಳೆದಂತೆ ಮಿತಿ ಸಡಿಲವಾಗುತ್ತಾ ಹೋಗುವುದನ್ನು ಗಮನಿಸಿ. ಸ್ಕ್ಯಾನಿನ ಮಾತಿಗೆ ಬೆಲೆ ಕಡಿಮೆಯಾಗುತ್ತಿದೆ ಎಂದೇ ಅದರರ್ಥ.

ನಮ್ಮ ಉದಾಹರಣೆಗೆ ಬರೋಣ. ಮುಟ್ಟು ಮಾರ್ಚ್ 10, ಮೊದಲ ಸ್ಕ್ಯಾನ್ ಮೇ 12. ನಡುವೆ 63 ದಿನ, ಅಂದರೆ 9 ವಾರ 0 ದಿನ. ಸಿ.ಆರ್.ಎಲ್. 16 ಮಿ.ಮೀ. ಬಂತು, ಯಂತ್ರ 8 ವಾರ 0 ದಿನ ಎಂದು ತೋರಿಸಿ ಕೆಳಗೆ ಡಿಸೆಂಬರ್ 22 ಎಂದು ಅಚ್ಚು ಹಾಕಿತು. ವ್ಯತ್ಯಾಸ 7 ದಿನ. ಮಿತಿ ‘7ಕ್ಕಿಂತ ಹೆಚ್ಚು’. ಆದ್ದರಿಂದ ಮುಟ್ಟಿನ ತಾರೀಖು ಖಚಿತವಾಗಿದ್ದರೆ ಡಿಸೆಂಬರ್ 15 ಹಾಗೆಯೇ ಉಳಿಯುತ್ತದೆ. ಅದೇ 12 ಮಿ.ಮೀ. ಬಂದು 7 ವಾರ 3 ದಿನ ಎಂದಿದ್ದರೆ ವ್ಯತ್ಯಾಸ 11 ದಿನ. ತಾರೀಖು ಡಿಸೆಂಬರ್ 26ಕ್ಕೆ ಹೋಗುತ್ತದೆ. ನಿರ್ಧಾರವಾದ ತಾರೀಖನ್ನು ಫೈಲಿನ ಮೊದಲ ಪುಟದಲ್ಲಿ ‘ಅಂತಿಮ’ ಎಂದು, ಯಾವ ಆಧಾರದ ಮೇಲೆ ಎಂಬುದರ ಸಮೇತ ಬರೆದು ಗೆರೆ ಎಳೆಯಬೇಕು. ಮುಟ್ಟಿನ ದಿನ ಎಷ್ಟೇ ಖಚಿತವಿದ್ದರೂ ಮೊದಲ ಸ್ಕ್ಯಾನಿನ ಸಿ.ಆರ್.ಎಲ್. ಹೇಳಿದ್ದನ್ನೇ ಹಿಡಿಯುವ ಪದ್ಧತಿಯೂ ಕೆಲವು ಕಡೆ ಇದೆ. ಯಾವುದನ್ನು ಅನುಸರಿಸಿದರೂ ಸರಿ, ನಡುವೆ ಒಂದರಿಂದ ಇನ್ನೊಂದಕ್ಕೆ ಹಾರಬಾರದು.

ಹಾರಿದರೆ ಏನಾಗುತ್ತದೆ? ಇದೇ ಗರ್ಭಿಣಿಗೆ ಅಕ್ಟೋಬರ್ 20ರಂದು ಮತ್ತೆ ಸ್ಕ್ಯಾನ್ ಆಯಿತು. ಅವತ್ತಿಗೆ ಸರಿಯಾಗಿ 32 ವಾರ. ಯಂತ್ರ ತಲೆ, ಹೊಟ್ಟೆ, ತೊಡೆಮೂಳೆ ಅಳೆದು 30 ವಾರ 0 ದಿನ ಎಂದು ಹೇಳಿ ಹೊಸ ಡ್ಯೂ ಡೇಟ್ ಡಿಸೆಂಬರ್ 29 ಎಂದು ಅಚ್ಚು ಹಾಕುತ್ತದೆ. ಯಂತ್ರ ಸುಳ್ಳು ಹೇಳಿಲ್ಲ. ಸರಾಸರಿ ಮಗು ಈ ಗಾತ್ರಕ್ಕೆ ಬರುವುದು 30 ವಾರಕ್ಕೆ ಎಂದಷ್ಟೇ ಅದು ಹೇಳಿದ್ದು. ಒಂದೇ ತರಗತಿಯ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎತ್ತರದಿಂದ ವಯಸ್ಸು ಹೇಳಹೊರಟಂತೆ ಇದು. ಗಿಡ್ಡ ಮಗುವಿನ ಹುಟ್ಟುಹಬ್ಬವನ್ನು ಮುಂದೂಡಿದ ಹಾಗಾಯಿತು. ಇಲ್ಲಿ ಓದಬೇಕಾದ್ದು ‘32 ವಾರದ ಮಗು, ಎರಡು ವಾರದಷ್ಟು ಚಿಕ್ಕದಿದೆ’ ಎಂದು. ಆಗ ಮಾಸು ಸರಿಯಾಗಿ ಕೆಲಸ ಮಾಡುತ್ತಿದೆಯೇ, ಹೊಕ್ಕುಳಬಳ್ಳಿಯ ರಕ್ತಸಂಚಾರ ಹೇಗಿದೆ, ತಾಯಿಯ ರಕ್ತದೊತ್ತಡ ಎಷ್ಟು ಎಂಬ ತನಿಖೆ ಶುರುವಾಗುತ್ತದೆ. ತಾರೀಖನ್ನೇ ಬದಲಿಸಿಬಿಟ್ಟರೆ ಮಗು ಕಾಗದದ ಮೇಲೆ ‘ನಾರ್ಮಲ್’ ಆಗುತ್ತದೆ, ಬೆಳವಣಿಗೆ ಕುಂಠಿತವಾಗಿದ್ದು ಯಾರಿಗೂ ತಿಳಿಯುವುದಿಲ್ಲ. ಜೊತೆಗೆ 42 ವಾರ ಮುಟ್ಟಿದ ಗರ್ಭ ಲೆಕ್ಕದಲ್ಲಿ ಇನ್ನೂ 40 ಎಂದೇ ಕಾಣುತ್ತದೆ. ಉಲ್ಟಾ ದಿಕ್ಕಿನ ತಪ್ಪೂ ಇದೆ: ತಾಯಿಗೆ ಸಕ್ಕರೆ ಕಾಯಿಲೆಯಿದ್ದು ಮಗು ದಪ್ಪವಾಗಿದ್ದರೆ 35 ವಾರದ ಮಗುವಿಗೆ ‘37 ತುಂಬಿತು’ ಎಂದು ಹೆರಿಗೆ ಮಾಡಿಸಿ, ಬಲಿಯದ ಶ್ವಾಸಕೋಶದ ಮಗುವನ್ನು ಹೊರತೆಗೆಯುವುದು.

ಟೇಪು ಮತ್ತು ಕೈ

ಸ್ಕ್ಯಾನ್ ಇಲ್ಲದ ಕಡೆ ಹೊಟ್ಟೆ ಮುಟ್ಟಿ ನೋಡುವುದಕ್ಕೆ ಈಗಲೂ ಬೆಲೆಯಿದೆ. 12 ವಾರಕ್ಕೆ ಗರ್ಭಕೋಶದ ಮೇಲ್ತುದಿ ಹೊಟ್ಟೆಯ ಕೆಳಗಿನ ಪ್ಯೂಬಿಕ್ ಮೂಳೆಯ ಮೇಲೆ ಕೈಗೆ ಸಿಗಲು ಶುರುವಾಗುತ್ತದೆ. 20 ವಾರದ ಸುಮಾರಿಗೆ ಹೊಕ್ಕುಳ ಮಟ್ಟ, 36ಕ್ಕೆ ಎದೆಗೂಡಿನ ಕೆಳತುದಿ. ಆಮೇಲೆ ಮಗುವಿನ ತಲೆ ಕೆಳಗಿಳಿದಾಗ ಎತ್ತರವೂ ಇಳಿಯುವುದರಿಂದ ಕೊನೆಯ ತಿಂಗಳ ಅಳತೆ ವಯಸ್ಸು ಹೇಳುವುದಕ್ಕೆ ಬಾರದು.

ಟೇಪಿನಲ್ಲಿ ಅಳೆಯುವಾಗ ಮೂತ್ರ ವಿಸರ್ಜಿಸಿ ಬರಲು ಹೇಳಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆತ್ತಿ ಅಳತೆ ಹೆಚ್ಚಿಸುತ್ತದೆ. ಅಂಗಾತ ಮಲಗಿಸಿ, ಮೊದಲು ಕೈಯಿಂದ ಮೇಲ್ತುದಿ ಹುಡುಕಿ ಟೇಪನ್ನು ಅಲ್ಲಿ ಹಿಡಿದು, ಗರ್ಭಕೋಶದ ಉದ್ದಕ್ಕೂ ಪ್ಯೂಬಿಕ್ ಮೂಳೆಯ ಮೇಲಂಚಿನವರೆಗೆ ತನ್ನಿ. ಅಂಕಿಗಳು ಕೆಳಮುಖವಾಗಿರಲಿ. ಕಾಣುತ್ತಿದ್ದರೆ ಕೈ ತಾನಾಗಿ ‘ಬರಬೇಕಾದ’ ಅಂಕಿಯತ್ತ ಜಾರುತ್ತದೆ. ಅಳೆದ ಮೇಲೆ ತಿರುಗಿಸಿ ಓದಿ. 24ರಿಂದ 36 ವಾರದ ನಡುವೆ ಸೆಂ.ಮೀ. ಅಂಕಿ ವಾರಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ, 2–3 ಸೆಂ.ಮೀ. ಆಚೀಚೆ. ಅವಳಿ, ನೀರು ಜಾಸ್ತಿ, ಗಡ್ಡೆ, ಬೊಜ್ಜು ಇದ್ದರೆ ಹೆಚ್ಚು. ಮಗು ಅಡ್ಡ ಮಲಗಿದ್ದರೆ, ನೀರು ಕಡಿಮೆಯಿದ್ದರೆ ಕಡಿಮೆ.

ಮಗು ಅಲುಗಿದ್ದು ಮೊದಲು ಗೊತ್ತಾಗುವುದು ಚೊಚ್ಚಲು ಬಸುರಿಗೆ 18ರಿಂದ 20 ವಾರಕ್ಕೆ, ಎರಡನೆಯ ಸಲ ಎರಡು ವಾರ ಮುಂಚೆ. ಮಾಸು ಮುಂಭಾಗದಲ್ಲಿದ್ದರೆ ತಡ. ಇದು ಬೇರೆ ಲೆಕ್ಕಕ್ಕೆ ಸಾಕ್ಷಿಯಾಗಬಹುದು, ಅದೊಂದೇ ಲೆಕ್ಕವಾಗದು.

ತಡವಾಗಿ ಬಂದವರಿಗೆ

22 ವಾರದೊಳಗೆ ಒಂದೂ ಸ್ಕ್ಯಾನ್ ಆಗಿರದಿದ್ದರೆ ಆ ಗರ್ಭದ ಲೆಕ್ಕ ಕೊನೆಯವರೆಗೂ ಸಡಿಲವೇ ಎಂದು ಒಪ್ಪಿಕೊಂಡು ನಡೆಯಬೇಕು. ತಲೆಯ ಸುತ್ತಳತೆ ಇರುವುದರಲ್ಲಿ ವಾಸಿ. ತಲೆಯ ಅಗಲವೊಂದನ್ನೇ ಹಿಡಿದರೆ, ಕಾಲು ಕೆಳಗಾಗಿ ಕುಳಿತ ಮಗುವಿನ ತಲೆ ಉದ್ದಕ್ಕೆ ಒತ್ತಿಕೊಂಡಿದ್ದಾಗ ವಯಸ್ಸು ಕಡಿಮೆ ಬರುತ್ತದೆ. ಹೊಟ್ಟೆಯ ಸುತ್ತಳತೆ ವಯಸ್ಸಿಗೆ ತೀರಾ ಕೆಟ್ಟ ಸಾಕ್ಷಿ, ಯಾಕೆಂದರೆ ಪೋಷಣೆ ಕಡಿಮೆಯಾದಾಗ ಮೊದಲು ಸೊರಗುವುದು ಅದೇ. ಕಿರುಮೆದುಳಿನ ಅಗಲ ಸಹಾಯಕ್ಕೆ ಬರುತ್ತದೆ: ಸುಮಾರು 24 ವಾರದವರೆಗೆ ಅದರ ಮಿ.ಮೀ. ಅಂಕಿ ವಾರದ ಅಂಕಿಗೆ ಹತ್ತಿರ ಇರುತ್ತದೆ, ಆಮೇಲೆ ತುಸು ಮುಂದೆ ಹೋಗುತ್ತದೆ, ಮತ್ತು ಬೆಳವಣಿಗೆ ಕುಂಠಿತವಾದ ಮಗುವಿನಲ್ಲೂ ಇತರ ಅಳತೆಗಳಷ್ಟು ಕೆಡುವುದಿಲ್ಲ. ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಅಳೆದು, ಮಗು ಅಷ್ಟೇ ವಾರದಷ್ಟು ಬೆಳೆದಿದೆಯೇ ಎಂದು ನೋಡಬೇಕು. ಬೆಳೆದಿದ್ದರೆ ಮೊದಲ ಅಂದಾಜಿಗೆ ಬಲ ಬಂತು. ಬೆಳೆಯದಿದ್ದರೆ ತಾರೀಖಿನ ಪ್ರಶ್ನೆ ಹಿಂದೆ ಸರಿದು ಮಗುವಿನ ಪ್ರಶ್ನೆ ಮುಂದೆ ಬರುತ್ತದೆ.

ಐ.ವಿ.ಎಫ್. (ದೇಹದ ಹೊರಗೆ ಫಲಿತಗೊಳಿಸಿ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುವ ವಿಧಾನ) ಮೂಲಕ ನಿಂತ ಗರ್ಭದಲ್ಲಿ ಇಷ್ಟೆಲ್ಲ ಚರ್ಚೆಯೇ ಬೇಡ. 5ನೇ ದಿನದ ಭ್ರೂಣವನ್ನು ಇರಿಸಿದ ದಿನಕ್ಕೆ 261 ದಿನ ಕೂಡಿಸಿ, 3ನೇ ದಿನದ ಭ್ರೂಣವಾದರೆ 263. ಆ ತಾರೀಖನ್ನು ಯಾವ ಸ್ಕ್ಯಾನಿಗಾಗಿಯೂ ಬದಲಿಸುವಂತಿಲ್ಲ.

ಸಭಿಕರ ಪ್ರಶ್ನೆಗಳು

*ರಕ್ತದ ಎಚ್‌.ಸಿ.ಜಿ. ಅಂಕಿಯಿಂದ ವಾರ ಹೇಳಬಹುದೇ?*
ಆಗದು. ಗರ್ಭ ನಿಂತಾಗ ಏರುವ ಈ ಹಾರ್ಮೋನಿನ ಅಂಕಿ ಒಂದೇ ವಾರದ ಇಬ್ಬರು ಗರ್ಭಿಣಿಯರಲ್ಲಿ ಹತ್ತು ಪಟ್ಟು ಬೇರೆ ಇದ್ದರೂ ಇಬ್ಬರೂ ಸರಿಯಾಗಿಯೇ ಇರಬಹುದು. ಎರಡು ದಿನದ ಅಂತರದಲ್ಲಿ ಅದು ಹೇಗೆ ಏರುತ್ತಿದೆ ಎಂಬುದಕ್ಕಷ್ಟೇ ಬೆಲೆ. ಮನೆಯಲ್ಲಿ ಬಳಸುವ ಡಿಜಿಟಲ್ ಸ್ಟ್ರಿಪ್ ‘2–3 ವಾರ’ ಎಂದು ತೋರಿಸಿದರೆ ಅದು ಗರ್ಭ ಕಟ್ಟಿದಂದಿನಿಂದ. ನಮ್ಮ ಲೆಕ್ಕಕ್ಕೆ ಎರಡು ಕೂಡಿಸಬೇಕು.

*ಸೇರಿದ ದಿನ ಒಂದೇ, ಅದು ಖಚಿತವಾಗಿ ಗೊತ್ತಿದೆ. ಆಗಲೂ ಸ್ಕ್ಯಾನ್ ಬೇಕೇ?*
ಬೇಕು. ವೀರ್ಯಾಣು ಒಳಗೆ 5 ದಿನದವರೆಗೆ ಬದುಕಿರಬಲ್ಲದು, ಹಾಗಾಗಿ ಸೇರಿದ ದಿನವೇ ಫಲಿತವಾದ ದಿನ ಆಗಬೇಕಿಲ್ಲ. ಆ ದಿನವನ್ನು 2 ವಾರ 0 ದಿನ ಎಂದು ಹಿಡಿದು ಲೆಕ್ಕ ಶುರು ಮಾಡಿ, ಮೊದಲ ಸ್ಕ್ಯಾನಿಗೆ ಹೋಲಿಸಿ.

*ಅವಳಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಬಂದರೆ?*
ಮೊದಲ ಸ್ಕ್ಯಾನಿನಲ್ಲಿ ದೊಡ್ಡದರ ಸಿ.ಆರ್.ಎಲ್. ಹಿಡಿಯಬೇಕು. ಚಿಕ್ಕದನ್ನು ಹಿಡಿದರೆ ಅದರ ಹಿನ್ನಡೆಯೇ ಮುಚ್ಚಿಹೋಗುತ್ತದೆ.

*ಡ್ಯೂ ಡೇಟ್ ದಾಟಿದರೆ ಗಾಬರಿಯಾಗಬೇಕೇ?*
ಆ ದಿನವೇ ಹೆರಿಗೆಯಾಗುವುದು ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. 37 ವಾರ ತುಂಬಿದ ಮೇಲೆ ಅವಧಿಗೆ ಮುಂಚಿನ ಹೆರಿಗೆ ಎನ್ನುವುದಿಲ್ಲ. 39 ವಾರದಿಂದ 40 ವಾರ 6 ದಿನದವರೆಗೆ ಪೂರ್ತಿ ದಿನ ತುಂಬಿದ ಅವಧಿ. 41 ತುಂಬಿದ ಮೇಲೆ ನಿಗಾ ಹೆಚ್ಚಬೇಕು, ಹೆರಿಗೆ ನೋವು ಬರಿಸುವ ಮಾತು ಆಗ ಬರುತ್ತದೆ. 42 ದಾಟಲು ಬಿಡುವುದಿಲ್ಲ.

*ಫೋನಿನ ಆ್ಯಪ್ ಮತ್ತು ಡಾಕ್ಟರ ಲೆಕ್ಕ ಹೊಂದುತ್ತಿಲ್ಲ.*
ಆ್ಯಪಿಗೆ ನೀವು ಮುಟ್ಟಿನ ದಿನ ಕೊಟ್ಟಿರುತ್ತೀರಿ, ಡಾಕ್ಟರು ಮೊದಲ ಸ್ಕ್ಯಾನಿನ ಮೇಲೆ ತಾರೀಖು ಬದಲಿಸಿರುತ್ತಾರೆ. ಬಹುತೇಕ ಆ್ಯಪ್‌ಗಳಲ್ಲಿ ಡ್ಯೂ ಡೇಟನ್ನು ನೇರವಾಗಿ ಹಾಕುವ ಆಯ್ಕೆ ಇರುತ್ತದೆ. ಫೈಲಿನ ಮೊದಲ ಪುಟದ ಅಂತಿಮ ತಾರೀಖನ್ನು ಅಲ್ಲಿ ಹಾಕಿ; ಮುಂದಿನ ಸ್ಕ್ಯಾನಿನಲ್ಲಿ ಬೇರೆ ತಾರೀಖು ಅಚ್ಚಾದರೂ ಅದನ್ನು ಆ್ಯಪಿಗೆ ಹಾಕಬೇಡಿ.